ಹಕ್ಕಿ ಎದ್ದು ಕಾಣಬೇಕೆ? ಮೊದಲು ಅದರ ಬೆನ್ನ ಹಿಂದೆ ನೋಡಿ

ಮಲೆನಾಡಿನಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ಓಡಾಡುವವರ ದೂರು ಹೆಚ್ಚುಕಡಿಮೆ ಒಂದೇ. ಕಾಡಿನಲ್ಲಿ ಅಷ್ಟು ಚಂದ ಕಂಡ ಹಕ್ಕಿಯನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಎಲೆಗಳ ನಡುವೆ ಹುಡುಕಬೇಕು. ಫೋಕಸ್ ಸರಿಯಾಗಿದೆ, ಕೈಯೂ ಅಲುಗಿಲ್ಲ, ಆದರೂ ಚಿತ್ರ ಸಪ್ಪೆ. ಇದಕ್ಕೆ ಸಿಗುವ ಸಲಹೆಯೂ ಒಂದೇ: ಇನ್ನೂ ದೊಡ್ಡ ಲೆನ್ಸ್ ತಗೊಳ್ಳಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದಿಡಿ, ಹಿನ್ನೆಲೆ ತಾನಾಗಿ ಬ್ಲರ್ ಆಗುತ್ತದೆ. ಸಲಹೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಬಂಡೀಪುರದ ಬೇಸಿಗೆಯ ಒಣಹುಲ್ಲಿನಲ್ಲಿ ಸಾಗುವ ಉಪಾಯ ಆಗುಂಬೆಯ ಕಾಡಿನಲ್ಲಿ ಸಾಗುವುದಿಲ್ಲ. ಕುಟ್ರ ಹಕ್ಕಿಯ ಹಿಂದಿರುವ ಹಸಿರೆಲೆ ಎಷ್ಟೇ ಮಸುಕಾದರೂ ಹಸಿರಾಗಿಯೇ ಉಳಿಯುತ್ತದೆ, ಕುಟ್ರ ಹಕ್ಕಿಯೂ ಹಸಿರೇ. ನಮ್ಮ ಕಾಡಿನಲ್ಲಿ ಪ್ರಾಣಿಯನ್ನು ಹಿನ್ನೆಲೆಯಿಂದ ಬಿಡಿಸಿ ತೋರಿಸುವುದು ಮಸುಕಿಗಿಂತ ಹೆಚ್ಚಾಗಿ ಬೆಳಕಿನ ವ್ಯತ್ಯಾಸ. ಮಸುಕು ಅದಕ್ಕೆ ನೆರವಾಗುತ್ತದೆ, ಅಷ್ಟೆ.

ಕಣ್ಣಿಗೆ ಕಂಡದ್ದು ಕ್ಯಾಮೆರಾಕ್ಕೆ ಯಾಕೆ ಕಾಣುವುದಿಲ್ಲ? ನಮಗಿರುವುದು ಎರಡು ಕಣ್ಣು. ಎರಡಕ್ಕೂ ಸ್ವಲ್ಪ ಬೇರೆ ಬೇರೆ ನೋಟ ಸಿಗುತ್ತದೆ, ಮಿದುಳು ಅವನ್ನು ಕೂಡಿಸಿ ಹಕ್ಕಿ ಹತ್ತಿರ, ಎಲೆ ದೂರ ಎಂದು ಲೆಕ್ಕ ಹಾಕುತ್ತದೆ. ಹಕ್ಕಿ ಕತ್ತು ತಿರುಗಿಸಿದರೆ, ಬಾಲ ಕುಣಿಸಿದರೆ ಆ ಚಲನೆಯೇ ಅದನ್ನು ಎಲೆಗಳಿಂದ ಬೇರೆ ಮಾಡಿ ತೋರಿಸುತ್ತದೆ. ಫೋಟೊದಲ್ಲಿ ಆಳವೂ ಇಲ್ಲ, ಚಲನೆಯೂ ಇಲ್ಲ. ಕ್ಯಾಮೆರಾ ಎತ್ತುವ ಮೊದಲು ಒಂದು ಕಣ್ಣು ಮುಚ್ಚಿ, ತಲೆ ಅಲುಗಿಸದೆ ಒಂದು ಗಳಿಗೆ ನೋಡಿ. ಆಗಲೂ ಹಕ್ಕಿ ಬೇರೆಯಾಗಿ ಕಂಡರೆ ಫೋಟೊದಲ್ಲೂ ಕಾಣುತ್ತದೆ. ಕಾಣದಿದ್ದರೆ ನಿಂತ ಜಾಗ ಬದಲಿಸಬೇಕು, ಇಲ್ಲವೇ ಬೆಳಕು ಬದಲಾಗುವವರೆಗೆ ಕಾಯಬೇಕು. ದುಡ್ಡು ಖರ್ಚಿಲ್ಲದ ಈ ಪರೀಕ್ಷೆಯನ್ನು ಹೊಸಬರಿಗೆ ಹೇಳಿಕೊಡುವವರು ಕಡಿಮೆ.

ಇನ್ನೊಂದು ತೊಡಕಿದೆ. ನಾವು ಎದ್ದು ಕಾಣಿಸಬೇಕೆಂದು ಹೊರಟಿರುವ ಜೀವಿಗಳ ಮೈಬಣ್ಣ ರೂಪುಗೊಂಡಿರುವುದೇ ಕಾಣದಂತೆ ಇರಲು. ಜಿಂಕೆ, ಅಳಿಲು, ಬಹಳಷ್ಟು ಹಕ್ಕಿಗಳನ್ನು ಗಮನಿಸಿ: ಬೆನ್ನು ಗಾಢ, ಹೊಟ್ಟೆ ತಿಳಿ. ಬಿಸಿಲು ಮೇಲಿಂದ ಬೀಳುವಾಗ ಬೆನ್ನು ಬೆಳಗುತ್ತದೆ, ಹೊಟ್ಟೆಗೆ ನೆರಳು ಬೀಳುತ್ತದೆ. ಗಾಢ ಬೆನ್ನಿಗೆ ಹೆಚ್ಚು ಬೆಳಕು, ತಿಳಿ ಹೊಟ್ಟೆಗೆ ಕಡಿಮೆ ಬೆಳಕು, ಎರಡೂ ಸೇರಿ ಇಡೀ ಮೈ ಒಂದೇ ಬಣ್ಣದ ಚಪ್ಪಟೆ ಹಾಳೆಯಂತಾಗುತ್ತದೆ. ಉಬ್ಬುತಗ್ಗು ಕಾಣದಿದ್ದ ಮೇಲೆ ಪ್ರಾಣಿಯೂ ಕಾಣುವುದಿಲ್ಲ. ಅಮೆರಿಕದ ಚಿತ್ರಕಾರ ಅಬಟ್ ಥೇಯರ್ 1896ರಲ್ಲಿ ಇದನ್ನು ವಿವರಿಸಿದ. ನೆರಳು ಬೆಳಕಿನ ಕಸುಬು ಗೊತ್ತಿದ್ದವನಿಗೇ ಇದು ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ನಡುಮಧ್ಯಾಹ್ನದ ಫೋಟೊಗಳು ಯಾಕೆ ಕೆಡುತ್ತವೆ ಎಂಬುದಕ್ಕೂ ಇದರಲ್ಲಿ ಉತ್ತರವಿದೆ: ಆಗಿನ ಬೆಳಕು ಪ್ರಾಣಿಯ ಕಡೆಗೇ ಕೆಲಸ ಮಾಡುತ್ತಿರುತ್ತದೆ. ಬೆಳಿಗ್ಗೆ, ಸಂಜೆ ಬಿಸಿಲು ಪಕ್ಕದಿಂದ ಬಂದಾಗ ಈ ಲೆಕ್ಕ ತಪ್ಪುತ್ತದೆ, ಮೈಯ ಗುಂಡಗಿನ ಆಕಾರ ಹೊರಬೀಳುತ್ತದೆ. ಹುಲಿಯ ಕಿತ್ತಳೆ ಬಣ್ಣ ನಮಗೆ ಎದ್ದು ಕಾಣುವುದು ನಮ್ಮ ಕಣ್ಣಿನ ಪುಣ್ಯ. ಕೆಂಪು ಹಸಿರಿನ ವ್ಯತ್ಯಾಸ ತಿಳಿಯದ ಜಿಂಕೆಯ ಕಣ್ಣಿಗೆ ಆ ಕಿತ್ತಳೆಯೂ ಹಸಿರಿನೊಳಗೇ ಕರಗಿಹೋಗುತ್ತದೆ.

ಈಗ ಮಸುಕಿನ ಲೆಕ್ಕ. ಇದರಲ್ಲಿ ಸ್ವಲ್ಪ ಗಣಿತವಿದೆ, ಆದರೆ ಒಮ್ಮೆ ಅರ್ಥವಾದರೆ ಲೆನ್ಸ್ ಅಂಗಡಿಯವರ ಮಾತನ್ನು ತೂಗಿನೋಡಲು ಬರುತ್ತದೆ. ಲೆನ್ಸಿನ ಫೋಕಲ್ ಉದ್ದವನ್ನು (ಲೆನ್ಸಿನ ಹೆಸರಿನಲ್ಲಿ ಬರುವ ಮಿ.ಮೀ. ಅಂಕಿ) ಎಫ್ ಸಂಖ್ಯೆಯಿಂದ (ಅಪರ್ಚರ್ ಎಷ್ಟು ತೆರೆದಿದೆ ಎಂದು ಹೇಳುವ ಅಂಕಿ) ಭಾಗಿಸಿದರೆ ಬೆಳಕು ಒಳಗೆ ಬರುವ ಕಿಂಡಿಯ ಅಗಲ ಸಿಗುತ್ತದೆ. 500 ಮಿ.ಮೀ. ಲೆನ್ಸ್ ಎಫ್/5.6ರಲ್ಲಿದ್ದರೆ ಕಿಂಡಿ ಸುಮಾರು 89 ಮಿ.ಮೀ. 50 ಮಿ.ಮೀ. ಎಫ್/1.8 ಲೆನ್ಸಿನದು 28. ಮೊಬೈಲಿನ ಮುಖ್ಯ ಕ್ಯಾಮೆರಾದ್ದು ನಾಲ್ಕು ಮಿ.ಮೀ. ಆಸುಪಾಸು, ಹಾಗಾಗಿಯೇ ಅದು ಪೋರ್ಟ್ರೇಟ್ ಮೋಡಿನಲ್ಲಿ ಸಾಫ್ಟ್‌ವೇರಿನಿಂದ ಬ್ಲರ್ ಹಚ್ಚಬೇಕಾಗುತ್ತದೆ. ಹಿನ್ನೆಲೆಯ ಒಂದು ಚುಕ್ಕಿ ಫೋಟೊದಲ್ಲಿ ಎಷ್ಟಗಲದ ಮಸುಕಿನ ಬಿಲ್ಲೆಯಾಗುತ್ತದೆ ಎಂಬುದನ್ನು ಹಕ್ಕಿಯ ಮೈಗೆ ಹೋಲಿಸಿ ಅಳೆಯುವುದಾದರೆ ಸೂತ್ರ ಸರಳ: ಕಿಂಡಿಯ ಅಗಲವನ್ನು ಹಕ್ಕಿಯಿಂದ ಹಿನ್ನೆಲೆಗಿರುವ ದೂರದಿಂದ ಗುಣಿಸಿ, ನಿಮ್ಮಿಂದ ಹಿನ್ನೆಲೆಗಿರುವ ಒಟ್ಟು ದೂರದಿಂದ ಭಾಗಿಸಿ.

ಒಂದು ಮಿಂಚುಳ್ಳಿ ಹತ್ತು ಮೀಟರ್ ದೂರದಲ್ಲಿ ಕೂತಿದೆ ಎನ್ನಿ. ಅದರ ಹಿಂದೆ ಒಂದೇ ಮೀಟರಿಗೆ ಪೊದೆಯಿದೆ. 89 ಅನ್ನು ಹನ್ನೊಂದರಿಂದ ಭಾಗಿಸಿದರೆ ಎಂಟು ಮಿ.ಮೀ. ಮಸುಕು. ಅಂಗೈ ಅಗಲದ ಎಲೆಗೆ ಎಂಟು ಮಿ.ಮೀ. ಮಸುಕು ಏನೇನೂ ಸಾಲದು, ಎಲೆ ಎಲೆಯಾಗಿಯೇ ಕಾಣುತ್ತದೆ. ಅದೇ ಹಕ್ಕಿ, ಅದೇ ಲೆನ್ಸ್, ಆದರೆ ಪೊದೆ ಹತ್ತು ಮೀಟರ್ ಹಿಂದಿದ್ದರೆ ಮಸುಕು ನಲವತ್ತೈದು ಮಿ.ಮೀ. ಈಗ ಎಲೆಯ ಅಂಚು ಕರಗಿ ಬಣ್ಣ ಮಾತ್ರ ಉಳಿಯುತ್ತದೆ. ಲೆನ್ಸಿಗೆ ಒಂದು ರೂಪಾಯಿಯನ್ನೂ ಹೆಚ್ಚು ಸುರಿಯದೆ ಮಸುಕು ಐದು ಪಟ್ಟಿಗಿಂತ ಹೆಚ್ಚಾಯಿತು.

ಇದರಿಂದ ಇನ್ನೊಂದು ಅನುಕೂಲವೂ ಇದೆ. ಹತ್ತು ಮೀಟರ್ ದೂರದಲ್ಲಿ 500 ಮಿ.ಮೀ. ಲೆನ್ಸ್ ಎಫ್/5.6ರಲ್ಲಿ ಸ್ಪಷ್ಟವಾಗಿ ಹಿಡಿಯುವ ಆಳ ಸುಮಾರು ಹದಿಮೂರು ಸೆಂ.ಮೀ. ಐದು ಮೀಟರಿಗೆ ಬಂದರೆ ಸುಮಾರು ಮೂರು ಸೆಂ.ಮೀ.ಗೆ ಇಳಿಯುತ್ತದೆ, ಕೊಕ್ಕು ಚೂಪಾಗಿದ್ದರೆ ರೆಕ್ಕೆ ಮಸುಕು. ಹಿನ್ನೆಲೆ ದೂರ ಇದ್ದಾಗ ಧೈರ್ಯವಾಗಿ ಕಿಂಡಿ ಕಿರಿದು ಮಾಡಿ ಎಫ್/8ಕ್ಕೆ ಹೋಗಬಹುದು. ಮೇಲಿನ ಲೆಕ್ಕದಲ್ಲಿ ಆಗಲೂ ಮೂವತ್ತೊಂದು ಮಿ.ಮೀ. ಮಸುಕು ಉಳಿದಿರುತ್ತದೆ, ಹಕ್ಕಿ ಕೊಕ್ಕಿನಿಂದ ಬಾಲದವರೆಗೆ ಸ್ಪಷ್ಟವಾಗಿರುತ್ತದೆ. ಎಫ್/4 ಲೆನ್ಸಿಗೆ ಸಾಲ ಮಾಡುವ ಮೊದಲು ಈ ಲೆಕ್ಕ ಹಾಕಿನೋಡುವುದು ಒಳ್ಳೆಯದು.

ದೂರದ ಹಿನ್ನೆಲೆ ಎಲ್ಲಿಂದ ತರುವುದು? ಬಹಳ ಸಲ ಅದು ಅಲ್ಲೇ ಇರುತ್ತದೆ, ನಾವು ನಿಂತ ಎತ್ತರದಿಂದ ಕಾಣುತ್ತಿರುವುದಿಲ್ಲ. ಕೊಯ್ಲಾದ ಗದ್ದೆಯಲ್ಲಿ ಟಿಟ್ಟಿಭ ಓಡಾಡುತ್ತಿದೆ. ನೀವು ಅಂಚಿನ ಮೇಲೆ ಎಂಟು ಮೀಟರ್ ದೂರದಲ್ಲಿ ನಿಂತಿದ್ದೀರಿ, ಕ್ಯಾಮೆರಾ ಒಂದೂವರೆ ಮೀಟರಿಗಿಂತ ಸ್ವಲ್ಪ ಮೇಲಿದೆ, ಹಕ್ಕಿಯ ತಲೆ ನೆಲದಿಂದ ಒಂದಡಿ. ನಿಮ್ಮ ನೋಟ ಇಳಿಜಾರಾಗಿ ಹೋಗಿ ಹಕ್ಕಿಯ ತಲೆ ದಾಟಿ ಎರಡು ಮೀಟರಿನೊಳಗೇ ಮಣ್ಣಿಗೆ ತಾಗುತ್ತದೆ. ಅಂದರೆ ಹಿನ್ನೆಲೆಯಲ್ಲಿ ಇರುವುದು ಆ ಎರಡು ಮೀಟರಿನ ಕೂಳೆ, ಹೆಂಟೆ, ಮಣ್ಣಿನ ಬಿರುಕು. ಅದೇ ಲೆನ್ಸಿಗೆ ಮಸುಕು ಹದಿನೇಳು ಮಿ.ಮೀ. ಈಗ ಅಂಚಿನ ಕೆಳಗೆ ಹೊಟ್ಟೆಯ ಮೇಲೆ ಮಲಗಿ, ಲೆನ್ಸನ್ನು ಹಕ್ಕಿಯ ಕಣ್ಣಿನ ಎತ್ತರಕ್ಕೆ ತನ್ನಿ. ನೋಟ ನೆಲಕ್ಕೆ ಸಮಾನಾಂತರವಾಗಿ ಹೋಗಿ ನೂರು ಮೀಟರ್ ಆಚೆಯ ಅಡಿಕೆ ತೋಟಕ್ಕೆ ತಾಗುತ್ತದೆ. ಮಸುಕು ಎಂಬತ್ತು ಮಿ.ಮೀ. ದಾಟುತ್ತದೆ. ಕೂಳೆಯೂ ಇಲ್ಲ, ಹೆಂಟೆಯೂ ಇಲ್ಲ, ಹಿಂದೆ ಬರಿಯ ಹಸಿರು ತೆರೆ. ಕೆಂಪು ಕಣ್ಣಂಚಿನ ಆ ಹಕ್ಕಿ ಒಂಟಿಯಾಗಿ ನಿಂತಿರುತ್ತದೆ. ಅಂಗಿ ಕೆಸರಾಗುತ್ತದೆ ಎನ್ನುವುದೊಂದೇ ಖರ್ಚು. ಮಳೆಗಾಲದಲ್ಲಾದರೆ ಇಂಬಳವೂ ಹತ್ತುತ್ತದೆ, ಅದು ಬೇರೆ ಮಾತು.

ಕೆಳಗಿಳಿಯುವಷ್ಟೇ ಮುಖ್ಯ ಪಕ್ಕಕ್ಕೆ ಸರಿಯುವುದು. ಉದ್ದ ಲೆನ್ಸಿನ ನೋಟ ಬಹಳ ಕಿರಿದು. ಹಕ್ಕಿ ಹತ್ತು ಮೀಟರಿಗೆ, ಹಿನ್ನೆಲೆ ಮೂವತ್ತು ಮೀಟರಿಗೆ ಇದ್ದರೆ, ಫುಲ್ ಫ್ರೇಮ್ (36 ಮಿ.ಮೀ. ಅಗಲದ ಸೆನ್ಸರಿನ) ಕ್ಯಾಮೆರಾದಲ್ಲಿ 500 ಮಿ.ಮೀ. ಲೆನ್ಸಿಗೆ ಹಿನ್ನೆಲೆಯಲ್ಲಿ ಕಾಣುವುದು ಎರಡು ಮೀಟರಿನಷ್ಟು ಅಗಲ ಮಾತ್ರ. ನೀವು ಅರ್ಧ ಮೀಟರ್ ಎಡಕ್ಕೆ ಸರಿದರೆ ಹಕ್ಕಿಯ ಹಿಂದೆ ಒಂದು ಮೀಟರ್ ಬಲಗಡೆಯ ದೃಶ್ಯ ಬರುತ್ತದೆ, ಅಂದರೆ ಅರ್ಧ ಚೌಕಟ್ಟೇ ಬದಲಾಯಿತು. ಅಡಿಕೆ ತೋಟದಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಬಿಳಿಯ ಕಲೆಗಳಿರುವ ಅಡಿಕೆ ಕಾಂಡ ಹಕ್ಕಿಯ ತಲೆಯಿಂದಲೇ ಹುಟ್ಟಿದಂತೆ ನಿಂತಿದ್ದರೆ ಯಾವ ಅಪರ್ಚರೂ ಅದನ್ನು ಅಳಿಸಲಾರದು, ಒಂದು ಹೆಜ್ಜೆ ಅಳಿಸುತ್ತದೆ.

ಎದುರಿಗೆ ಅಡ್ಡ ಬರುವ ಎಲೆಗಳ ಬಗ್ಗೆಯೂ ಒಂದು ಮಾತು. ಲೆನ್ಸಿನ ಮೂಗಿಗೆ ತಾಗುವಷ್ಟು ಹತ್ತಿರದ ಹುಲ್ಲೆಸಳು ಪೂರ್ತಿ ಕರಗಿ ತೆಳು ಹಸಿರು ಪರದೆಯಾಗುತ್ತದೆ, ಕೆಲವೊಮ್ಮೆ ಅದು ಚಂದವೇ. ಹಕ್ಕಿಯ ಮುಂದೆ ಒಂದಡಿಗೆ ಇರುವ ಎಲೆ ಮಾತ್ರ ಕರಗುವುದಿಲ್ಲ, ಚಿತ್ರ ಕೆಡಿಸುವುದು ಅದೇ.

ಇಷ್ಟೆಲ್ಲ ಮಾಡಿದ ಮೇಲೂ ಕಾಡಿನೊಳಗೆ ಹೋದಾಗ ಮೊದಲು ಹೇಳಿದ ತೊಂದರೆ ಎದುರಾಗುತ್ತದೆ. ಆಗುಂಬೆ, ಶರಾವತಿ ಕಣಿವೆಯಂಥ ಕಡೆ ಮೇಲೆ ಮರಗಳ ನೆತ್ತಿ ಕೂಡಿಕೊಂಡು ಬೆಳಕು ಚೂರು ಚೂರಾಗಿ ಇಳಿಯುತ್ತದೆ. ಎಲೆಗಳ ಸಂದಿನಲ್ಲಿ ಆಕಾಶದ ಬಿಳಿ ತೂತುಗಳು. ಅಪರ್ಚರ್ ತೆರೆದಷ್ಟೂ ಆ ತೂತುಗಳು ಉಬ್ಬಿ ದೊಡ್ಡ ಬಿಳಿ ಬಿಲ್ಲೆಗಳಾಗುತ್ತವೆ. ನೋಡುವವರ ಕಣ್ಣು ಚಿತ್ರದಲ್ಲಿ ಎಲ್ಲಕ್ಕಿಂತ ಬೆಳ್ಳಗಿರುವ ಕಡೆಗೆ ಮೊದಲು ಹೋಗುತ್ತದೆ. ಹಕ್ಕಿ ನೆರಳಿನಲ್ಲಿದ್ದು ಹಿಂದೆ ಹತ್ತು ಬಿಲ್ಲೆಗಳು ಹೊಳೆಯುತ್ತಿದ್ದರೆ ನೀವು ತೆಗೆದದ್ದು ಬಿಲ್ಲೆಗಳ ಫೋಟೊ. ಬೊಕೆ (ಮಸುಕಿನ ಅಂದ) ಚೆನ್ನಾಗಿದೆ ಎಂದು ಇದನ್ನು ಹೊಗಳುವವರಿದ್ದಾರೆ. ನನಗೆ ಅದು ಮದುವೆ ಮಂಟಪದ ಸೀರಿಯಲ್ ಲೈಟಿನ ಹಾಗೆ ಕಾಣುತ್ತದೆ.

ಆದ್ದರಿಂದ ಇಲ್ಲಿ ಮೊದಲು ಹುಡುಕಬೇಕಾದ್ದು ಕತ್ತಲೆ. ಬೆಳಕಿನ ಅಳತೆಯಲ್ಲಿ ಒಂದು ಸ್ಟಾಪ್ ಅಂದರೆ ಎರಡು ಪಟ್ಟು. ಹಕ್ಕಿಯ ಮೇಲೆ ಬಿಸಿಲಿದ್ದು ಹಿನ್ನೆಲೆ ಅದಕ್ಕಿಂತ ಮೂರು ಸ್ಟಾಪ್ ಕಡಿಮೆಯಿದ್ದರೆ ಅಲ್ಲಿ ಎಂಟನೇ ಒಂದು ಪಾಲು ಬೆಳಕು, ನಾಲ್ಕಾದರೆ ಹದಿನಾರನೇ ಒಂದು ಪಾಲು. ಹಕ್ಕಿಗೆ ಸರಿಯಾಗಿ ಎಕ್ಸ್‌ಪೋಶರ್ ಕೊಟ್ಟರೆ ಅಂಥ ಹಿನ್ನೆಲೆ ಹೆಚ್ಚುಕಡಿಮೆ ಕಪ್ಪಾಗುತ್ತದೆ, ಅದು ಎಷ್ಟು ಮಸುಕು ಎನ್ನುವ ಪ್ರಶ್ನೆಯೇ ಉಳಿಯುವುದಿಲ್ಲ. ಕಾಡಿನ ಅಂಚಿನಲ್ಲಿ ಇದು ಸುಲಭವಾಗಿ ಸಿಗುತ್ತದೆ. ಸೂರ್ಯ ನಿಮ್ಮ ಬೆನ್ನಿಗಿರಲಿ, ಹಕ್ಕಿ ಬಯಲಿಗೆ ಚಾಚಿದ ಕೊಂಬೆಯ ಮೇಲೆ ಬಿಸಿಲಲ್ಲಿರಲಿ, ಅದರ ಹಿಂದೆ ಕಾನಿನ ಒಳಗಿನ ಗವಿಯಂಥ ಕತ್ತಲೆ ಇರಲಿ.

ಘಟ್ಟದ ಕಣಿವೆಗಳಲ್ಲಿ ಇದರ ಇನ್ನೊಂದು ರೂಪ ಸಿಗುತ್ತದೆ. ಬೆಳಿಗ್ಗೆ ಪೂರ್ವದ ಗುಡ್ಡದ ಕಡೆಗೆ ಮುಖ ಮಾಡಿ ನಿಂತರೆ ಆ ಗುಡ್ಡದ ನಮ್ಮ ಕಡೆಯ ಮೈ ಇನ್ನೂ ನೆರಳಲ್ಲಿರುತ್ತದೆ. ಸೂರ್ಯ ಗುಡ್ಡದ ನೆತ್ತಿ ದಾಟಿ ಮುಂದಿನ ಮರದ ತುದಿಗೆ ತಾಗಿದಾಗ ಅಲ್ಲಿರುವ ಹಕ್ಕಿಯ, ಮಂಗನ ಮೈಯಂಚಿಗೆ ಮಾತ್ರ ಬೆಳಕು ಹತ್ತುತ್ತದೆ. ಶರಾವತಿ ಕಣಿವೆಯ ಸಿಂಗಳೀಕದ ಫೋಟೊಕ್ಕೆ ಇದಕ್ಕಿಂತ ಒಳ್ಳೆಯ ಬೆಳಕಿಲ್ಲ ಎಂದು ನನ್ನ ಅನಿಸಿಕೆ. ಅದರ ಮೈ ಕಪ್ಪು, ಕಾಡೂ ಕಪ್ಪು. ಮುಖದ ಸುತ್ತಲಿನ ಬೂದು ಬೆಳ್ಳಿ ಕೇಸರಕ್ಕೆ ಹಿಂದಿನಿಂದ ಬಿಸಿಲು ತಾಗಿದರೆ ಕೂದಲ ಎಳೆ ಎಳೆಯೂ ಹೊಳೆದು ಪ್ರಾಣಿಯ ಗೆರೆ ತಾನಾಗಿ ಮೂಡುತ್ತದೆ. ಕಾಟಿಯ ಬೆನ್ನಿನ ರೋಮಕ್ಕೂ ಇದೇ ಮಾತು. ಎದುರು ಬಿಸಿಲಿಗೆ ತೆಗೆಯುವಾಗ ಲೆನ್ಸಿನ ಹುಡ್ ಮರೆಯಬಾರದು. ಹುಡ್ ಇಲ್ಲದಿದ್ದರೆ ಲೆನ್ಸಿನೊಳಗೆ ಬೆಳಕು ಚದರಿ ಕಪ್ಪೆಲ್ಲ ಬೂದಿಯಾಗುತ್ತದೆ, ಇಷ್ಟು ಹೊತ್ತು ಹುಡುಕಿದ ವ್ಯತ್ಯಾಸವೂ ಹೋಗುತ್ತದೆ.

ಬಣ್ಣ ಮೂರನೆಯ ದಾರಿ, ಆದರೆ ಅದಕ್ಕೂ ಬೆಳಕು ಬೇಕು. ಗಂಡು ಕಾಕರಣೆ ಹಕ್ಕಿಯ ಹೊಟ್ಟೆ ಕಡುಗೆಂಪು, ಹಸಿರಿನ ಎದುರು ಅದಕ್ಕಿಂತ ಎದ್ದು ಕಾಣುವ ಬಣ್ಣ ಇಲ್ಲ. ಹಕ್ಕಿಗೂ ಅದು ಗೊತ್ತಿದ್ದ ಹಾಗಿದೆ: ಗಾಬರಿಯಾದಾಗ ಬೆನ್ನು ತಿರುಗಿಸಿ ಕೂತುಬಿಡುತ್ತದೆ, ಕಂದು ಬೆನ್ನು ಒಣಗಿದ ಎಲೆಯ ಬಣ್ಣಕ್ಕೆ ಕೂಡಿಹೋಗುತ್ತದೆ. ಹಿಂದೆ ಬಿದ್ದರೆ ಸಿಗುವುದು ಬೆನ್ನೇ. ದೂರದಲ್ಲಿ ಅಲುಗದೆ ಕೂತರೆ ಅದು ತಾನಾಗಿ ಮಗ್ಗುಲು ಬದಲಿಸುತ್ತದೆ. ಒದ್ದೆ ಎಲೆಗಳ ಬಿಳಿ ಹೊಳಪು ತಗ್ಗಿಸಲು ಲೆನ್ಸಿಗೆ ಪೋಲರೈಜರ್ ಫಿಲ್ಟರ್ ಹಾಕಿ ಎನ್ನುವವರಿದ್ದಾರೆ. ಟ್ರೈಪಾಡ್ ಮೇಲೆ ಕಪ್ಪೆ ತೆಗೆಯುವವರಿಗೆ ಸರಿ. ಮೊದಲೇ ಐಎಸ್‌ಓ (ಬೆಳಕು ಸಾಲದಾಗ ಏರಿಸುವ ಸೆನ್ಸರಿನ ಸಂವೇದನೆ) 6400ರಲ್ಲಿ ಒದ್ದಾಡುತ್ತಿರುವ ಹಕ್ಕಿ ಫೋಟೊದವರು ಅದಕ್ಕೆ ಇನ್ನೂ ಒಂದೂವರೆ ಎರಡು ಸ್ಟಾಪ್ ಬೆಳಕು ತೆರಬೇಕಾಗುತ್ತದೆ.

ಕಾಡಿನೊಳಗೆ ಹೋಗದೆ ಇದನ್ನೆಲ್ಲ ಕಲಿಯಲು ಶಿವಮೊಗ್ಗದವರಿಗೆ ಎರಡು ಜಾಗ ಹತ್ತಿರದಲ್ಲೇ ಇವೆ. ತೀರ್ಥಹಳ್ಳಿ ರಸ್ತೆಯಲ್ಲಿ ಮೊದಲು ಸಿಗುವುದು ಸಕ್ರೆಬೈಲಿನ ಆನೆ ಬಿಡಾರ. ಬೆಳಿಗ್ಗೆ ತುಂಗೆಯ ಹಿನ್ನೀರಿನಲ್ಲಿ ಆನೆಗಳ ಸ್ನಾನ. ಅಲ್ಲಿ ಹಿನ್ನೆಲೆಯನ್ನು ಕೆಡಿಸುವುದು ಎಲೆಗಳಲ್ಲ, ಪ್ರವಾಸಿಗರ ಬಣ್ಣ ಬಣ್ಣದ ಅಂಗಿ, ಬ್ಯಾಗು. ನೀರೊಂದೇ ಹಿಂದೆ ಬರುವ ಕೋನ ಹುಡುಕುವುದೇ ಒಳ್ಳೆಯ ಅಭ್ಯಾಸ. ನೆನೆದ ಆನೆಯ ಮೈ ಕಪ್ಪಾಗಿ, ಸುಕ್ಕುಗಳ ಮೇಲೆ ಬೆಳಕು ಗೆರೆ ಗೆರೆಯಾಗಿ ಕೂರುತ್ತದೆ.

ಅದೇ ರಸ್ತೆಯಲ್ಲಿ ಮುಂದೆ ಹೋದರೆ ಮಂಡಗದ್ದೆ. ಮಳೆಗಾಲದಲ್ಲಿ ತುಂಗಾ ನದಿಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಹೊಸಬರ ತೊಂದರೆ ಇಲ್ಲಿ ಎರಡು. ಒಂದು, ಹಕ್ಕಿಗಳು ಒಂದರ ಮೇಲೊಂದು. ಬಿಳಿಯ ಹಿಂದೆ ಬಿಳಿ. ಇನ್ನೊಂದು, ಬೆಳಕು ಅಳೆಯುವ ಕ್ಯಾಮೆರಾದ ಮೀಟರ್. ಮೀಟರಿಗೆ ಬಿಳಿ ಕಪ್ಪು ಗೊತ್ತಿಲ್ಲ, ನೋಡಿದ್ದನ್ನೆಲ್ಲ ಸರಾಸರಿ ಬೂದು ಮಾಡಲು ಹವಣಿಸುತ್ತದೆ. ಚೌಕಟ್ಟಿನ ತುಂಬ ಕಪ್ಪು ನೀರು, ನಡುವೆ ಸಣ್ಣ ಬೆಳ್ಳಕ್ಕಿ ಇದ್ದರೆ ಅದು ನೀರನ್ನು ಬೂದು ಮಾಡಲು ಹೋಗಿ ಬೆಳ್ಳಕ್ಕಿಯನ್ನು ಸುಣ್ಣದ ಮುದ್ದೆ ಮಾಡುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು ಒಂದು ಸ್ಟಾಪಿನಷ್ಟು ಕೆಳಗಿಳಿಸಿ. ಗರಿಯ ಎಳೆಗಳೂ ಉಳಿಯುತ್ತವೆ, ನೀರೂ ಗಾಢವಾಗಿ ಹಿಂದೆ ಸರಿಯುತ್ತದೆ. ಗುಂಪಿನ ನಡುವೆ ಒಂದನ್ನು ಹೆಕ್ಕುವ ಬದಲು ನಡುಗಡ್ಡೆಯ ಅಂಚಿಗೆ ಹಾರಿ ಬರುವ ಹಕ್ಕಿಗೆ ಕಾಯಿರಿ. ಕಡ್ಡಿ ಕಚ್ಚಿಕೊಂಡು ಇಳಿಯುವಾಗ ಅದು ರೆಕ್ಕೆ ಪೂರ್ತಿ ಬಿಚ್ಚಿ, ಕಾಲು ಮುಂದೆ ಚಾಚಿ ಗಾಳಿಯಲ್ಲಿ ತಡೆದು ನಿಲ್ಲುತ್ತದೆ. ಆ ಗಳಿಗೆಯಲ್ಲಿ ಹಿಂದೆ ಆಚೆ ದಡದ ಮರಗಳ ನೆರಳಿದ್ದರೆ, ಶಟರ್ ವೇಗ 1/1600 ಸೆಕೆಂಡಿನಷ್ಟೋ ಅದಕ್ಕಿಂತ ಹೆಚ್ಚೋ ಇದ್ದರೆ, ರೆಕ್ಕೆಯ ಒಂದೊಂದು ಗರಿಯೂ ಎಣಿಸುವ ಹಾಗೆ ಬರುತ್ತದೆ.

ಮೋಡದ ಬಿಳಿ ಆಕಾಶಕ್ಕೆ ಲೆಕ್ಕ ತಿರುವುಮುರುವು. ಹಣ್ಣು ಬಿಟ್ಟ ಗೋಳಿ ಮರದ ತುದಿಯಲ್ಲಿ ಮಂಗಟ್ಟೆ ಕೂತಿದ್ದರೆ ಮೀಟರ್ ಆಕಾಶವನ್ನು ಬೂದು ಮಾಡಿ ಹಕ್ಕಿಯನ್ನು ಮಸಿ ಮಾಡುತ್ತದೆ. ಒಂದೂವರೆ ಎರಡು ಸ್ಟಾಪ್ ಮೇಲೇರಿಸಿದರೆ ಆಕಾಶ ಹಾಳೆಯಂತೆ ಬಿಳಿಯಾಗಿ ಕೊಕ್ಕಿನ ಹಳದಿ ಹೊರಬರುತ್ತದೆ.

ಮಂಜು ಮಾತ್ರ ಮಲೆನಾಡಿಗೆ ಸಿಕ್ಕ ವರ. ನೀರಿನ ಸಣ್ಣ ಹನಿಗಳು ಬೆಳಕನ್ನು ಚದುರಿಸುವುದರಿಂದ ದೂರ ಹೆಚ್ಚಿದಷ್ಟೂ ವಸ್ತು ಬಿಳಿಚಿಕೊಳ್ಳುತ್ತದೆ. ಇಪ್ಪತ್ತು ಮೀಟರಿನ ಕೊಂಬೆ ಕಪ್ಪು, ಐವತ್ತು ಮೀಟರಿನ ಮರ ಬೂದು, ಅದರಾಚೆ ಏನೂ ಇಲ್ಲ. ಕುಂದಾದ್ರಿ, ಆಗುಂಬೆ ಕಡೆ ಜುಲೈ ಆಗಸ್ಟಿನಲ್ಲಿ ಎಫ್/11 ಇಟ್ಟರೂ ಹಿನ್ನೆಲೆ ಶುದ್ಧವಾಗಿರುತ್ತದೆ, ಸಣ್ಣ ಲೆನ್ಸಿನವರಿಗೂ ಸಮಪಾಲು. ಮಳೆಯೂ ಹೀಗೆಯೇ, ಆದರೆ ಹನಿ ಕಾಣಬೇಕಾದರೆ ಹಿಂದೆ ಕತ್ತಲೆ ಬೇಕು. ಶಟರ್ 1/60ರ ಸುತ್ತ ಇದ್ದರೆ ಹನಿಗಳು ಗೆರೆಗಳಾಗುತ್ತವೆ, ಹಕ್ಕಿ ಅಲುಗದೆ ಕೂತಿರಬೇಕು ಅಷ್ಟೆ.

ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದಾಗ ಲಕ್ಕವಳ್ಳಿ ಕಡೆ ನೀರಿನಿಂದ ಮೇಲೆದ್ದ ದಿಬ್ಬಗಳ ಮೇಲೆ ರೀವ ಹಕ್ಕಿಗಳು ಮೊಟ್ಟೆ ಇಡುತ್ತವೆ. ಅಲ್ಲಿ ದೋಣಿಯಿಂದ ನೋಡುವಾಗ ನೀರಿನ ಮಟ್ಟದ ಕೋನ, ದೂರದ ನೀಲಿ ಗುಡ್ಡ ಎರಡೂ ಪುಕ್ಕಟೆಯಾಗಿ ಸಿಗುತ್ತವೆ. ದೋಣಿ ಓಲಾಡುವುದರಿಂದ ಶಟರ್ ವೇಗ ಹೆಚ್ಚಿರಲಿ.

ರಾತ್ರಿಯ ಕಪ್ಪೆ, ಹಾವಿನ ಫೋಟೊಗಳಲ್ಲಿ ಸಮಸ್ಯೆ ಉಲ್ಟಾ. ಫ್ಲಾಶಿನ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಕಪ್ಪೆ ಫ್ಲಾಶಿನಿಂದ ಒಂದಡಿಗೆ, ಹಿಂದಿನ ಗಿಡ ನಾಲ್ಕಡಿಗೆ ಇದ್ದರೆ ಗಿಡಕ್ಕೆ ಸಿಗುವುದು ಹದಿನಾರನೇ ಒಂದು ಪಾಲು, ಹಿನ್ನೆಲೆ ಕಗ್ಗತ್ತಲು. ಕಪ್ಪೆ ಎದ್ದೇನೋ ಕಾಣುತ್ತದೆ, ಆದರೆ ಅದು ಕಾಡಿನಲ್ಲಿದೆಯೋ ಕರಿಬಟ್ಟೆಯ ಮೇಲಿದೆಯೋ ತಿಳಿಯದು. ಹತ್ತಿರದಲ್ಲೇ ಒಂದು ಎಲೆ ಹಿಂದೆ ಬರುವಂತೆ ಕೋನ ಬದಲಿಸಿದರೆ ಸಾಕು, ಜಾಗದ ಗುರುತು ಉಳಿಯುತ್ತದೆ. ಇಷ್ಟಕ್ಕೂ ಪ್ರತಿ ಫೋಟೊದಲ್ಲೂ ಪ್ರಾಣಿಯನ್ನು ಹಿನ್ನೆಲೆಯಿಂದ ಕಿತ್ತು ತೋರಿಸಬೇಕೆಂಬ ಹಟ ನನಗೆ ಒಪ್ಪಿಗೆಯಿಲ್ಲ. ಮರದ ತೊಗಟೆಗೆ ಅಂಟಿಕೊಂಡ ಹಾರುವ ಓತಿಯ ವಿಶೇಷವೇ ಅದು ತೊಗಟೆಯಂತಿರುವುದು. ಅಲ್ಲಿ ತೊಗಟೆಯೂ ಅಷ್ಟೇ ಸ್ಪಷ್ಟವಾಗಿ ಬರಬೇಕು.

ಹಿನ್ನೆಲೆ ಚೊಕ್ಕ ಮಾಡುವ ನೆಪದಲ್ಲಿ ಗೂಡಿನ ಸುತ್ತಲಿನ ಎಲೆ, ಕೊಂಬೆ ಕತ್ತರಿಸುವವರನ್ನು ನೋಡಿದ್ದೇನೆ. ಆ ಎಲೆಗಳೇ ಮರಿಗಳನ್ನು ಬಿಸಿಲಿನಿಂದಲೂ ಕಾಗೆ, ಹಾವುಗಳ ಕಣ್ಣಿನಿಂದಲೂ ಕಾಯುತ್ತಿರುತ್ತವೆ. ಹಾವನ್ನು ಕೋಲಿನಿಂದ ಎತ್ತಿ ಚಂದದ ಕೊಂಬೆಯ ಮೇಲೆ ಇಡುವುದೂ ಇದೇ ಜಾತಿಯ ಕೆಲಸ. ಅಭಯಾರಣ್ಯದೊಳಗೆ ಫೋಟೊ ತೆಗೆಯಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು ಎಂಬುದೂ ನೆನಪಿರಲಿ.

ಉಳಿದದ್ದು ಎಡಿಟಿಂಗ್. ರಾ ಫೈಲಿನಲ್ಲಿ (ಕ್ಯಾಮೆರಾ ಹಿಡಿದ ಮೂಲ ಕಡತ) ಹಕ್ಕಿಯನ್ನು ಬಿಟ್ಟು ಹಿನ್ನೆಲೆಯನ್ನು ಅರ್ಧ ಸ್ಟಾಪ್ ತಗ್ಗಿಸಿ, ಹಳದಿ ಹಸಿರುಗಳ ಗಾಢತೆಯನ್ನು ಸ್ವಲ್ಪ ಇಳಿಸಿದರೆ ಮಳೆಗಾಲದ ಕಣ್ಣು ಕುಕ್ಕುವ ಹಸಿರು ಹದಕ್ಕೆ ಬರುತ್ತದೆ. ಸಾಫ್ಟ್‌ವೇರಿನ ಬ್ಲರ್ ಹಚ್ಚುವುದು ಬೇಡ. ತಲೆಯ ಜುಟ್ಟು, ಎದೆಯ ಸಡಿಲ ಗರಿಗಳ ಸುತ್ತ ಕತ್ತರಿಯಲ್ಲಿ ಕತ್ತರಿಸಿದಂಥ ಅಂಚು ಉಳಿಯುತ್ತದೆ. ಹಕ್ಕಿ ಕೂತ ಕೊಂಬೆಯ ಬುಡ ಚೂಪಾಗಿದ್ದು ಅದೇ ದೂರದಲ್ಲಿರುವ ಪಕ್ಕದ ಎಲೆ ಕರಗಿದ್ದರೆ ಪಳಗಿದ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ಅಡ್ಡ ಬಂದ ಕಡ್ಡಿಯನ್ನು ಅಳಿಸುವುದಂತೂ ಸ್ಪರ್ಧೆಗಳ ನೇಚರ್ ವಿಭಾಗದಲ್ಲಿ ನಡೆಯುವುದಿಲ್ಲ. ಚೌಕಟ್ಟು ಕತ್ತರಿಸಲು ಅಡ್ಡಿಯಿಲ್ಲ, ಚಿತ್ರದೊಳಗಿನದನ್ನು ತೆಗೆಯುವುದಕ್ಕೂ ಸೇರಿಸುವುದಕ್ಕೂ ಅಂತಾರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳಾದ ಎಫ್‌ಐಎಪಿ, ಪಿಎಸ್‌ಎ ನಿಯಮಗಳಲ್ಲಿ ಅವಕಾಶವಿಲ್ಲ. ಕಡ್ಡಿ ಬೇಡವೆಂದರೆ ಕ್ಲಿಕ್ಕಿಸುವ ಮೊದಲೇ ಒಂದು ಹೆಜ್ಜೆ ಪಕ್ಕಕ್ಕಿಡಬೇಕು.